ಮುನ್ನೂರು ಅಡಿಯ ಲೆಕ್ಕ: ಅಮೆರಿಕದಲ್ಲಿ ಸೈನಿಕರ ಅಂತ್ಯಕ್ರಿಯೆ ಮತ್ತು ಪ್ರತಿಭಟನೆ ತಡೆಯುವ ಕಾನೂನು

ಪ್ರಶ್ನೆ: ಅಮೆರಿಕದಲ್ಲಿ ಯುದ್ಧಕ್ಕೆ ಹೋಗಿ ಮಡಿದ ಸೈನಿಕರ ಅಂತ್ಯಕ್ರಿಯೆಯ ಹೊತ್ತಿಗೇ ಬಂದು, ಅವರು ಸತ್ತದ್ದು ಒಳ್ಳೆಯದಾಯಿತು ಎಂದು ಫಲಕ ಹಿಡಿಯುವವರಿದ್ದಾರೆ ಎಂದು ಓದಿ ದಂಗಾದೆ. ಇದನ್ನು ತಡೆಯಲು ಮಸೂದೆಗಳು ಬರುತ್ತಲೇ ಇರುತ್ತವೆ. ಕೆಲವನ್ನು ಕೋರ್ಟ್ ಎತ್ತಿಹಿಡಿದರೆ, ಕೆಲವನ್ನು ತಳ್ಳಿಹಾಕುತ್ತದೆ. ಸೇನಾ ನೆಲೆಯ ಬಾಗಿಲು, ಸೇನೆಗೆ ಭರ್ತಿ ಮಾಡಿಕೊಳ್ಳುವ ಕಚೇರಿ, ಸೈನಿಕರ ಮನೆ ಇವುಗಳ ಮುಂದೆಯೂ ಪ್ರತಿಭಟನೆ ಕೂಡದು ಎನ್ನುವವರಿದ್ದಾರೆ. ಇಂಥ ಕಾನೂನು ನಿಲ್ಲುತ್ತದೆಯೇ? ಒಂದು ನಿಂತು ಇನ್ನೊಂದು ಬೀಳುವುದೇಕೆ? ಮಗನನ್ನು ಕಳೆದುಕೊಂಡ ತಂದೆಗೆ ಕಾನೂನು ಇಷ್ಟಾದರೂ ಮಾಡಬಾರದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅಂಥ ಒಬ್ಬ ತಂದೆ ನಿಜವಾಗಿಯೂ ಕೋರ್ಟಿಗೆ ಹೋದರು, ಐದು ವರ್ಷ ಹೋರಾಡಿದರು, ಕೊನೆಗೆ ಸೋತರು. ಆ ಸೋಲನ್ನು ಅರ್ಥ ಮಾಡಿಕೊಂಡರೆ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

2006ರ ಮಾರ್ಚ್‌ನಲ್ಲಿ ಇರಾಕಿನಲ್ಲಿ ಸ್ನೈಡರ್ ಎಂಬ ಮರೀನ್ ದಳದ ಯುವಕ ಕರ್ತವ್ಯದಲ್ಲಿದ್ದಾಗ ಸತ್ತ. ಮೇರಿಲ್ಯಾಂಡ್ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಅಂತ್ಯಕ್ರಿಯೆ ಗೊತ್ತಾಯಿತು. ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚ್ ಎಂಬ ಪುಟ್ಟ ಪಂಗಡವಿದೆ. ಸದಸ್ಯರಲ್ಲಿ ಹೆಚ್ಚಿನವರು ಸ್ಥಾಪಕ ಫ್ರೆಡ್ ಫೆಲ್ಪ್ಸ್ ಅವರ ಮಕ್ಕಳು, ಮೊಮ್ಮಕ್ಕಳು. ಅಮೆರಿಕ ಸಲಿಂಗಕಾಮವನ್ನು, ಅದರಲ್ಲೂ ಸೇನೆಯಲ್ಲಿ, ಸಹಿಸಿಕೊಳ್ಳುತ್ತಿದೆ, ಅದಕ್ಕೆ ದೇವರು ಸೈನಿಕರನ್ನು ಕೊಂದು ಶಿಕ್ಷೆ ಕೊಡುತ್ತಿದ್ದಾನೆ ಎಂಬುದು ಅವರ ನಂಬಿಕೆ. ಈ ಮಾತನ್ನು ಜಗತ್ತಿಗೆ ಸಾರಲು ಅವರು ಆರಿಸಿಕೊಂಡ ಜಾಗ ಅಪರಿಚಿತರ ಅಂತ್ಯಕ್ರಿಯೆ. ಇಪ್ಪತ್ತು ವರ್ಷಗಳಲ್ಲಿ ಸುಮಾರು 600 ಅಂತ್ಯಕ್ರಿಯೆಗಳ ಬಳಿ ಫಲಕ ಹಿಡಿದಿದ್ದರು ಎಂದು ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲೇ ದಾಖಲಿಸಿದೆ.

ವೆಸ್ಟ್‌ಮಿನ್‌ಸ್ಟರ್‌ಗೆ ಬಂದವರು ಏಳು ಜನ: ಫೆಲ್ಪ್ಸ್, ಇಬ್ಬರು ಹೆಣ್ಣುಮಕ್ಕಳು, ನಾಲ್ವರು ಮೊಮ್ಮಕ್ಕಳು. ಪೊಲೀಸರಿಗೆ ಮೊದಲೇ ತಿಳಿಸಿಯೇ ಬಂದಿದ್ದರು. ರಸ್ತೆ ಪಕ್ಕದಲ್ಲಿ, ತಾತ್ಕಾಲಿಕ ಬೇಲಿಯ ಹಿಂದೆ, ಹತ್ತಡಿಗೆ ಇಪ್ಪತ್ತೈದು ಅಡಿಯ ಸಾರ್ವಜನಿಕ ಜಾಗವನ್ನು ಪೊಲೀಸರು ತೋರಿಸಿದರು. ಚರ್ಚಿಗೂ ಅದಕ್ಕೂ ಸುಮಾರು ಸಾವಿರ ಅಡಿ ಅಂತರ, ನಡುವೆ ಹಲವು ಕಟ್ಟಡಗಳು. ಅಂತ್ಯಕ್ರಿಯೆಗೆ ಮುಂಚಿನ ಅರ್ಧ ಗಂಟೆ ಅವರು ಅಲ್ಲಿ ನಿಂತು ಫಲಕ ತೋರಿಸಿದರು, ಸ್ತೋತ್ರ ಹಾಡಿದರು, ಬೈಬಲ್ ವಚನ ಓದಿದರು. ಕೂಗಾಟವಿಲ್ಲ, ಕೈಕೈ ಮಿಲಾಯಿಸಲಿಲ್ಲ, ಚರ್ಚಿನ ಆವರಣಕ್ಕೂ ಸ್ಮಶಾನಕ್ಕೂ ಕಾಲಿಡಲಿಲ್ಲ. ಫಲಕಗಳ ಮೇಲೆ ಬರೆದದ್ದು ಮಾತ್ರ ಕರುಳು ಹಿಂಡುವಂಥದ್ದು. ಸತ್ತ ಸೈನಿಕರಿಗಾಗಿ ದೇವರಿಗೆ ವಂದನೆ ಎಂಬುದು ಅವುಗಳಲ್ಲೊಂದು.

ಈಗ ತಂದೆ ಕಂಡದ್ದೇನು ಎಂದು ನೋಡಿ. ಶವದ ಮೆರವಣಿಗೆ ಆ ಜಾಗದಿಂದ ಇನ್ನೂರು, ಮುನ್ನೂರು ಅಡಿ ದೂರದಲ್ಲಿ ಹಾದುಹೋಯಿತು. ಕಾರಿನೊಳಗಿದ್ದ ಅವರಿಗೆ ಫಲಕಗಳ ಮೇಲಂಚು ಮಾತ್ರ ಕಂಡಿತು, ಅಕ್ಷರ ಕಾಣಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ಮೇಲೆ ರಾತ್ರಿ ಟಿವಿ ಸುದ್ದಿಯಲ್ಲಿ ಅದೇ ಫಲಕಗಳನ್ನು ಓದಿದರು.

ಅವರ ದಾವೆಗೆ ಆಧಾರ ಬೇಕೆಂದೇ ಮಾಡಿದ ಮಾನಸಿಕ ಯಾತನೆ, ಖಾಸಗಿತನಕ್ಕೆ ಧಕ್ಕೆ ಮತ್ತು ಒಳಸಂಚು. ಜ್ಯೂರಿ 1 ಕೋಟಿ 9 ಲಕ್ಷ ಡಾಲರ್ ಪರಿಹಾರ ಕೊಡಿ ಎಂದಿತು. ವಿಚಾರಣಾ ನ್ಯಾಯಾಧೀಶರು ಅದನ್ನು 50 ಲಕ್ಷಕ್ಕೆ ಇಳಿಸಿದರು. ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಇಡೀ ತೀರ್ಪನ್ನೇ ರದ್ದು ಮಾಡಿತು, ಸಾಲದೆಂಬಂತೆ ಎದುರಾಳಿಗಳ ಮೇಲ್ಮನವಿ ಖರ್ಚು 16,510 ಡಾಲರನ್ನು ತಂದೆಯೇ ಕಟ್ಟಬೇಕು ಎಂದಿತು. ಕಾನೂನಿನ ಪ್ರಕಾರ ಸೋತವರು ಖರ್ಚು ಕಟ್ಟುವುದು ಸಾಮಾನ್ಯ, ನಿಜ. ಆದರೂ ಆ ಆದೇಶ ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಸುಪ್ರೀಂ ಕೋರ್ಟಿನಲ್ಲಿ ತಂದೆಯ ಬೆನ್ನಿಗೆ ನಿಂತವರು ಸಣ್ಣವರಲ್ಲ. ವರ್ಜೀನಿಯಾ ಮತ್ತು ಮೇನ್ ಬಿಟ್ಟು ಉಳಿದ 48 ರಾಜ್ಯಗಳು ಅವರ ಪರವಾಗಿ ಅಭಿಪ್ರಾಯ ಸಲ್ಲಿಸಿದವು. ಆದರೆ 2011ರ ಮಾರ್ಚ್ 2ರಂದು ಬಂದ ತೀರ್ಪು ಎಂಟಕ್ಕೆ ಒಂದರಂತೆ ವೆಸ್ಟ್‌ಬರೋ ಪರ. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ದೇಶದ ನಡತೆ, ಸೇನೆಯ ನೀತಿ ಇವು ಸಾರ್ವಜನಿಕ ಚರ್ಚೆಯ ವಿಷಯಗಳು. ಮಾತಾಡಿದವರು ಸಾರ್ವಜನಿಕ ರಸ್ತೆಯ ಪಕ್ಕದಲ್ಲಿ, ಪೊಲೀಸರು ತೋರಿಸಿದ ಜಾಗದಲ್ಲಿ ನಿಂತಿದ್ದರು. ಸಂವಿಧಾನ ವಾಕ್ ಸ್ವಾತಂತ್ರ್ಯ ಕೊಟ್ಟಿರುವುದರಿಂದ, ಮಾತು ಎಷ್ಟೇ ನೋವು ಕೊಟ್ಟರೂ, ಆ ನೋವಿಗೆ ಪ್ರತಿಯಾಗಿ ಮಾತಾಡಿದವರನ್ನು ದಂಡಿಸಲಾಗದು. ತೀರ್ಪಿನ ತಿರುಳು ಇಷ್ಟೆ. ಒಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ, ಮುಕ್ತ ಚರ್ಚೆಗೆ ಕೊಟ್ಟ ಮಾತು ದುಃಖದಲ್ಲಿರುವ ಖಾಸಗಿ ಕುಟುಂಬವೊಂದರ ಮೇಲೆ ಮಾತಿನಿಂದ ಎರಗಲು ಕೊಟ್ಟ ಪರವಾನಗಿಯಲ್ಲ ಎಂದರು. ಭಿನ್ನಮತ ಓದಿದರೆ ಮನಸ್ಸು ಅತ್ತ ವಾಲುತ್ತದೆ, ಮುಚ್ಚುಮರೆ ಏಕೆ. ಆದರೆ ಬಹುಮತದ ತೀರ್ಪಿನಲ್ಲಿ ಒಂದು ಮಾತಿದೆ, ಅದಕ್ಕೆ ಅಲಿಟೊ ಅವರಲ್ಲಿ ನನಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಮಾತೊಂದು ಅತಿರೇಕದ್ದೇ ಅಲ್ಲವೇ ಎಂದು ಜ್ಯೂರಿಯನ್ನು ಕೇಳಿದರೆ, ಜ್ಯೂರಿ ಅಳೆಯುವುದು ತನ್ನ ಇಷ್ಟಾನಿಷ್ಟವನ್ನು. ಇವತ್ತು ಎಲ್ಲರಿಗೂ ಹೇಸಿಗೆ ಹುಟ್ಟಿಸುವ ವೆಸ್ಟ್‌ಬರೋ ಕಟಕಟೆಯಲ್ಲಿದೆ. ನಾಳೆ, ನನ್ನ ಮಗನನ್ನು ಈ ಯುದ್ಧ ಅನ್ಯಾಯವಾಗಿ ಕೊಂದಿತು ಎಂದು ಸ್ಮಶಾನದ ಗೇಟಿನಲ್ಲಿ ಫಲಕ ಹಿಡಿದ ಇನ್ನೊಬ್ಬ ತಾಯಿ ಅಲ್ಲಿ ನಿಲ್ಲಬಹುದು. ಅವಳ ಮಾತೂ ಪಕ್ಕದ ಕುಟುಂಬಕ್ಕೆ ಅತಿರೇಕವೇ.

ಇಲ್ಲಿಗೆ ಮೊದಲ ಬಾಗಿಲು ಮುಚ್ಚಿತು. ಫಲಕದ ಮೇಲೆ ಏನು ಬರೆದಿದೆ, ಅದರಿಂದ ಯಾರ ಮನಸ್ಸು ನೊಂದಿತು ಎಂಬುದನ್ನು ಆಧಾರ ಮಾಡಿಕೊಂಡ ಕಾನೂನು ಅಲ್ಲಿ ಉಳಿಯುವುದಿಲ್ಲ. ಸೈನಿಕನ ಹೆಸರು ಬಂದ ಮಾತ್ರಕ್ಕೆ ವಿನಾಯಿತಿ ಸಿಗುವುದೂ ಇಲ್ಲ. ಬಾವುಟ ಸುಡುವುದನ್ನು ಅಪರಾಧ ಮಾಡಿದ ಟೆಕ್ಸಾಸ್ ಕಾನೂನನ್ನು ಸುಪ್ರೀಂ ಕೋರ್ಟ್ 1989ರಲ್ಲಿ ಹೊಡೆದುಹಾಕಿತು. ಸೇನಾ ಪದಕ ಪಡೆದಿದ್ದೇನೆ ಎಂದು ಸುಳ್ಳು ಹೇಳುವುದನ್ನು ಅಪರಾಧ ಮಾಡಿದ ಕೇಂದ್ರದ ಕಾನೂನನ್ನು 2012ರಲ್ಲಿ ತಳ್ಳಿಹಾಕಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಪ್ಪುಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದ ಮಕ್ಕಳ ಪರವಾಗಿ 1969ರಲ್ಲಿ ನಿಂತದ್ದೂ ಅದೇ ಕೋರ್ಟ್. "ಸೇನೆಗೆ ಅಗೌರವ" ಎಂಬ ಪದ ಮಸೂದೆಯಲ್ಲಿ ಕಂಡರೆ ಮುಂದೆ ಓದುವ ಶ್ರಮ ಬೇಡ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಹಾಗಾದರೆ ಉಳಿದ ಬಾಗಿಲು ಯಾವುದು? ಅಳತೆಪಟ್ಟಿ ಮತ್ತು ಗಡಿಯಾರ. ಯಾರು ಏನು ಹೇಳುತ್ತಾರೆ ಎಂಬುದನ್ನು ಸರ್ಕಾರ ಮುಟ್ಟುವಂತಿಲ್ಲ. ಎಲ್ಲಿ, ಯಾವಾಗ, ಎಷ್ಟು ಗಟ್ಟಿಯಾಗಿ ಹೇಳಬೇಕು ಎಂಬುದನ್ನು ಒಂದು ಮಿತಿಯೊಳಗೆ ಗೊತ್ತುಮಾಡಬಹುದು. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಸಂಗೀತದ ಸದ್ದಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮೂರು ಷರತ್ತು ಹಾಕಿತು. ನಿಯಮ ಮಾತಿನ ವಿಷಯವನ್ನು ನೋಡಬಾರದು. ಮಹತ್ವದ ಉದ್ದೇಶವೊಂದಕ್ಕೆ ಬೇಕಾದಷ್ಟಕ್ಕೇ ಸೀಮಿತವಾಗಿರಬೇಕು. ಮಾತು ಹೇಳಲು ಬೇರೆ ದಾರಿಗಳು ಸಾಕಷ್ಟು ಉಳಿದಿರಬೇಕು.

ಈ ಬಾಗಿಲಿನಿಂದಲೇ ಅಂತ್ಯಕ್ರಿಯೆಯ ಕಾನೂನುಗಳು ಬಂದದ್ದು. ಆಗ ಅಮೆರಿಕ ಇರಾಕ್, ಅಫ್ಘಾನಿಸ್ತಾನ ಎರಡು ಕಡೆ ಯುದ್ಧದಲ್ಲಿತ್ತು, ಊರೂರಿಗೂ ಶವಪೆಟ್ಟಿಗೆ ಬರುತ್ತಿತ್ತು, ಹಿಂದೆಯೇ ವೆಸ್ಟ್‌ಬರೋ ಬರುತ್ತಿತ್ತು. 2006ರ ಮೇ ತಿಂಗಳಲ್ಲಿ ಕೇಂದ್ರ ಸಂಸತ್ತು ರಾಷ್ಟ್ರೀಯ ಸ್ಮಶಾನಗಳಿಗೆ ಅನ್ವಯಿಸುವ ಕಾನೂನು ಮಾಡಿತು. ಕೆಳಮನೆಯಲ್ಲಿ ಪರ 408, ವಿರುದ್ಧ 3. ಹುತಾತ್ಮ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ದಿನವೇ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಅಂತ್ಯಕ್ರಿಯೆಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ, ಸ್ಮಶಾನದ ದಾರಿಯಿಂದ 150 ಅಡಿಯೊಳಗೆ ಗದ್ದಲ ಕೂಡದು, ಸ್ಮಶಾನದಿಂದ 300 ಅಡಿಯೊಳಗೆ ಜನರ ಓಡಾಟಕ್ಕೆ ಅಡ್ಡಿ ಮಾಡಕೂಡದು. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಕಾನೂನು ಬಂದು ಬೇರೆ ಜಾಗಗಳಲ್ಲಿ ನಡೆಯುವ ಸೈನಿಕರ ಅಂತ್ಯಕ್ರಿಯೆಗಳನ್ನೂ ಸೇರಿಸಿಕೊಂಡಿತು. ಸ್ನೈಡರ್ ತೀರ್ಪು ಬಂದ ಮರುವರ್ಷ, 2012ರ ಆಗಸ್ಟ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ಕಾನೂನು ಒಂದು ಗಂಟೆಯನ್ನು ಎರಡಕ್ಕೂ, 150 ಅಡಿಯನ್ನು 300ಕ್ಕೂ, 300 ಅಡಿಯನ್ನು 500ಕ್ಕೂ ಎಳೆಯಿತು. ಮೀರಿದರೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು.

ಈಗ ಆ ಸಾವಿರ ಅಡಿಯನ್ನು ನೆನಪಿಸಿಕೊಳ್ಳಿ. ಯಾವ ಪ್ರತಿಭಟನೆಯ ಮೊಕದ್ದಮೆ ಇಡೀ ದೇಶವನ್ನು ಕೆರಳಿಸಿತೋ, ಆ ಪ್ರತಿಭಟನೆ ಇಂದಿನ ಈ ಬಿಗಿಯಾದ ಕೇಂದ್ರ ಕಾನೂನಿನ ಅಳತೆಗೂ ಸಿಗುವುದಿಲ್ಲ. 500 ಅಡಿ ಮುಗಿದ ಮೇಲೂ ಇನ್ನೂ 500 ಅಡಿ ಆಚೆ ಅವರು ನಿಂತಿದ್ದರು, ಗದ್ದಲ ಮಾಡಲಿಲ್ಲ, ದಾರಿ ಕಟ್ಟಲಿಲ್ಲ. ಮೇರಿಲ್ಯಾಂಡಿನಲ್ಲಿ ಅಂದು ಇಂಥ ಕಾನೂನೇ ಇರಲಿಲ್ಲ. ಆಮೇಲೆ ಮಾಡಿದ 100 ಅಡಿಯ ಕಾನೂನು ಅಂದೇ ಇದ್ದಿದ್ದರೂ ಇವರು ಅದನ್ನು ಪಾಲಿಸಿದಂತೆಯೇ ಆಗುತ್ತಿತ್ತು. ಮಸೂದೆಗೆ ಕೈ ಎತ್ತಿದ ಎಷ್ಟು ಶಾಸಕರು ಈ ಲೆಕ್ಕ ಹಾಕಿ ನೋಡಿದ್ದರೋ ದೇವರೇ ಬಲ್ಲ.

ಇದರರ್ಥ ಈ ಕಾನೂನುಗಳು ನಿಷ್ಪ್ರಯೋಜಕ ಎಂದಲ್ಲ. ಶವಪೆಟ್ಟಿಗೆ ಇಳಿಸುವಾಗ ಬೇಲಿಯಾಚೆ ನಿಂತು ಧ್ವನಿವರ್ಧಕ ಹಿಡಿಯುವವರನ್ನು ಅವು ತಡೆಯುತ್ತವೆ. ತಡೆಯಬೇಕಾದದ್ದೂ ಅಷ್ಟೆ. ಅಲ್ಲಿಂದ ಮುಂದಕ್ಕೆ ಎಳೆದಷ್ಟೂ ಕಾನೂನು ಬಲವಾಗುವುದಿಲ್ಲ, ದುರ್ಬಲವಾಗುತ್ತದೆ.

ಒಂದು ನಿಂತು ಇನ್ನೊಂದು ಬೀಳುವುದೇಕೆ ಎಂದಿರಿ. ಇದಕ್ಕೆ ಕೆಂಟಕಿ ಮತ್ತು ಒಹಾಯೋಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎರಡೂ ನೆರೆಹೊರೆಯ ರಾಜ್ಯಗಳು, ಎರಡೂ ಒಂದೇ ಕೇಂದ್ರ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತವೆ, ಎರಡರ ಕಾನೂನಿನಲ್ಲೂ ಇದ್ದದ್ದು 300 ಅಡಿ. ಕೆಂಟಕಿಯ ಕಾನೂನಿಗೆ 2006ರಲ್ಲೇ ಕೇಂದ್ರ ಜಿಲ್ಲಾ ನ್ಯಾಯಾಲಯ ತಡೆ ಕೊಟ್ಟಿತು. ಒಹಾಯೋದ್ದನ್ನು ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಎತ್ತಿಹಿಡಿಯಿತು. ವ್ಯತ್ಯಾಸ ಅಡಿಗಳಲ್ಲಿರಲಿಲ್ಲ, ಕ್ರಿಯಾಪದದಲ್ಲಿತ್ತು. ಕೆಂಟಕಿ ಕಾನೂನು ಆ ಅಂತರದೊಳಗೆ ಕುಟುಂಬದ ಅನುಮತಿ ಇಲ್ಲದೆ ಗುಂಪುಗೂಡುವುದನ್ನೇ ಅಪರಾಧ ಮಾಡಿತ್ತು. 300 ಅಡಿ ಎಂದರೆ ಸುಮಾರು 91 ಮೀಟರ್. ಊರಿನ ನಡುವಿನ ಚರ್ಚೊಂದರ ಸುತ್ತ ಅಷ್ಟು ದೂರದ ವೃತ್ತ ಎಳೆದು ನೋಡಿ. ಒಳಗೆ ಮನೆಗಳು ಬರುತ್ತವೆ, ಕಾಲುದಾರಿಗಳು ಬರುತ್ತವೆ, ಅಂತ್ಯಕ್ರಿಯೆ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲದೆ ಹರಟುತ್ತ ನಿಂತ ನಾಲ್ವರು ಬರುತ್ತಾರೆ. ಒಹಾಯೋ ಹಿಡಿದದ್ದು ಅಂತ್ಯಕ್ರಿಯೆಯನ್ನೇ ಗುರಿಯಾಗಿಸಿ, ಅದನ್ನು ಕೆಡಿಸುವಂತೆ ಮಾಡುವ ಪ್ರತಿಭಟನೆಯನ್ನು ಮಾತ್ರ. ಒಂದು ಗಂಟೆ ಮೊದಲು, ಒಂದು ಗಂಟೆ ನಂತರ, ಅಷ್ಟೆ.

ಆದರೆ ಒಹಾಯೋ ಕೂಡ ಒಂದು ಕಡೆ ಎಡವಿತ್ತು. ಶವದ ಮೆರವಣಿಗೆಯ ಸುತ್ತಲೂ ಅದೇ 300 ಅಡಿ ಎಂದು ಬರೆದಿತ್ತು. ಮೆರವಣಿಗೆ ಚಲಿಸುತ್ತದೆ, ಅದರ ಜೊತೆಗೆ ನಿಷೇಧದ ವೃತ್ತವೂ ಚಲಿಸುತ್ತದೆ. ರಸ್ತೆ ಬದಿಯಲ್ಲಿ ಬೇರೇನಕ್ಕೋ ಫಲಕ ಹಿಡಿದು ನಿಂತವನ ಬಳಿಗೆ ಕಾನೂನೇ ನಡೆದುಬಂದು ಅವನನ್ನು ಅಪರಾಧಿ ಮಾಡಿ ಮುಂದೆ ಹೋಗುತ್ತದೆ. ಆ ಭಾಗ ವಿಚಾರಣಾ ನ್ಯಾಯಾಲಯದಲ್ಲೇ ಬಿತ್ತು. ಮಿಸೌರಿಯ ಮ್ಯಾಂಚೆಸ್ಟರ್ ಎಂಬ ಸಣ್ಣ ಪಟ್ಟಣ ಇದೇ ಪಾಠವನ್ನು ಕೋರ್ಟು ಹತ್ತಿ ಇಳಿದು ಕಲಿಯಿತು. ತನ್ನ ನಿಯಮವನ್ನು ಮತ್ತೆ ಮತ್ತೆ ತಿದ್ದಿ, ಮೆರವಣಿಗೆಯ ಮಾತು ತೆಗೆದು, 300 ಅಡಿ ಮತ್ತು ಹಿಂದೆ ಮುಂದೆ ಒಂದೊಂದು ಗಂಟೆಗೆ ಇಳಿಸಿದ ಮೇಲೆ, 2012ರಲ್ಲಿ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ಅದನ್ನು ಒಪ್ಪಿತು. ಹಾಗೆ ಒಪ್ಪುವಾಗ ನಾಲ್ಕು ವರ್ಷದ ಹಿಂದಿನ ತನ್ನದೇ ನಿಲುವನ್ನು ಕೈಬಿಟ್ಟಿತು. 2017ರಲ್ಲಿ ನೆಬ್ರಾಸ್ಕಾದ 500 ಅಡಿಯೂ ಅದೇ ನ್ಯಾಯಾಲಯದಲ್ಲಿ ಗೆದ್ದಿತು.

ಅಂತ್ಯಕ್ರಿಯೆಗೆ ಇಷ್ಟು ರಕ್ಷಣೆ ಏಕೆ ಸಿಕ್ಕಿತು? ಕೋರ್ಟುಗಳ ವಾದ ಸರಳವಾಗಿದೆ. ಬೀದಿಯಲ್ಲಿ ಕಿರಿಕಿರಿಯಾದರೆ ಮುಖ ತಿರುಗಿಸಿ ನಡೆಯಬಹುದು. ಮಗನ ಶವ ಬಿಟ್ಟು ಎಲ್ಲಿಗೆ ನಡೆಯುವುದು? ಆ ಎರಡು ಗಂಟೆ ಬಂಧುಗಳು ಇರುವಲ್ಲೇ ಇರಬೇಕು, ಆ ಕ್ಷಣ ಮತ್ತೆ ಬರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲ ಇತ್ಯರ್ಥವಾಯಿತು ಎಂದುಕೊಳ್ಳಬೇಡಿ. ಈ ಅಂತರದ ಕಾನೂನುಗಳು ಸಿಂಧುವೇ ಎಂಬ ಪ್ರಶ್ನೆಯನ್ನು ಸ್ನೈಡರ್ ತೀರ್ಪು ಎತ್ತಿಕೊಳ್ಳಲೇ ಇಲ್ಲ. ನಮ್ಮ ಮುಂದಿರುವುದು ಅದಲ್ಲ ಎಂದು ಬದಿಗಿಟ್ಟಿತು. ಅದೇ ಸುಪ್ರೀಂ ಕೋರ್ಟ್ ಗರ್ಭಪಾತದ ಆಸ್ಪತ್ರೆಗಳ ವಿಷಯದಲ್ಲಿ ಅಡಿಗಳನ್ನು ತೀರಾ ಜಿಪುಣತನದಿಂದ ಅಳೆದಿದೆ. 1994ರಲ್ಲಿ ಫ್ಲಾರಿಡಾದ ಆಸ್ಪತ್ರೆಯೊಂದರ ಬಾಗಿಲು ಮತ್ತು ದಾರಿಯ ಬಳಿ 36 ಅಡಿಯನ್ನು ಒಪ್ಪಿ, ಸಿಬ್ಬಂದಿಯ ಮನೆಗಳ ಸುತ್ತಲಿನ 300 ಅಡಿಯನ್ನು ಅತಿಯಾಯಿತು ಎಂದಿತು. 2014ರಲ್ಲಿ ಮ್ಯಾಸಚೂಸೆಟ್ಸ್‌ನ 35 ಅಡಿಯನ್ನೂ ಒಮ್ಮತದಿಂದ ತಳ್ಳಿಹಾಕಿತು. 35 ಅಡಿ ಹೆಚ್ಚಾಯಿತು ಎನ್ನುವ ದೇಶದಲ್ಲಿ 500 ಅಡಿ ಉಳಿದದ್ದು ಹೇಗೆ? ಆಸ್ಪತ್ರೆಯ ಗೆರೆ ಅದು ತೆರೆದಿರುವ ಪ್ರತಿದಿನವೂ ಇರುತ್ತದೆ, ಅಲ್ಲಿಗೆ ಬರುವವರೊಡನೆ ಮೆಲುದನಿಯಲ್ಲಿ ಮಾತಾಡಬೇಕೆನ್ನುವವರನ್ನೂ ದೂರ ತಳ್ಳುತ್ತದೆ. ಅಂತ್ಯಕ್ರಿಯೆಯ ಗೆರೆ ಕೆಲವೇ ಗಂಟೆಗಳಲ್ಲಿ ಅಳಿಸಿಹೋಗುತ್ತದೆ, ಆ ಹೊತ್ತಿನಲ್ಲಿ ಬಂಧುಗಳ ಜೊತೆ ಮೆಲುದನಿಯ ಸಂವಾದಕ್ಕೆ ಯಾರೂ ಬಂದಿರುವುದಿಲ್ಲ. ನನ್ನ ಅಂದಾಜು ಕೇಳಿದರೆ, 300 ಅಡಿ ಮತ್ತು ಒಂದು ಗಂಟೆ ಗಟ್ಟಿ ನೆಲ. 500 ಅಡಿ ಮತ್ತು ಎರಡು ಗಂಟೆಯ ಮೇಲೆ ನಾನು ಪಂಥ ಕಟ್ಟುವುದಿಲ್ಲ.

ವಿನಾಯಿತಿಯ ಕಲಮುಗಳನ್ನು ಮರೆಯದೆ ನೋಡಿ. ಹಲವು ಮಸೂದೆಗಳು ಸಾಯುವುದು ಅಲ್ಲೇ. ಶಾಲೆಗಳ ಬಳಿ ಪ್ರತಿಭಟನೆ ನಿಷೇಧಿಸಿ, ಕಾರ್ಮಿಕರ ಶಾಂತಿಯುತ ಪ್ರತಿಭಟನೆಗೆ ಮಾತ್ರ ವಿನಾಯಿತಿ ಕೊಟ್ಟ ಷಿಕಾಗೋ ನಗರದ ನಿಯಮವನ್ನು ಸುಪ್ರೀಂ ಕೋರ್ಟ್ 1972ರಲ್ಲಿ ರದ್ದು ಮಾಡಿತು. ಒಂದು ವಿಷಯಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಿದರೆ ಅದು ವಿಷಯದ ಮೇಲಿನ ನಿಯಂತ್ರಣವೇ ಆಯಿತು. ಒಳ್ಳೆಯ ಮನಸ್ಸಿನ ಶಾಸಕರೊಬ್ಬರು ಯೋಧರಿಗೆ ಗೌರವ ಸಲ್ಲಿಸಲು ಬಂದವರಿಗೆ ಇದು ಅನ್ವಯಿಸದು ಎಂಬ ಸಾಲು ಸೇರಿಸಿಬಿಟ್ಟರೆ ಇಡೀ ಮಸೂದೆಗೆ ತಾವೇ ಮಣ್ಣು ಹಾಕಿದಂತೆ.

ಸೋತ ಮಸೂದೆಗೆ ಬೆಲೆಯೂ ಇದೆ, ಡಾಲರಿನ ಲೆಕ್ಕದಲ್ಲಿ. ನಾಗರಿಕ ಹಕ್ಕಿನ ಮೊಕದ್ದಮೆಯಲ್ಲಿ ಸರ್ಕಾರ ಸೋತರೆ ಗೆದ್ದವರ ವಕೀಲರ ಶುಲ್ಕವನ್ನು ಸರ್ಕಾರವೇ ಭರಿಸಬೇಕೆಂದು ಕೋರ್ಟ್ ಹೇಳಬಹುದು. 1976ರಿಂದ ಈ ಕಾನೂನಿದೆ. ಫೆಲ್ಪ್ಸ್ ಒಂದು ಕಾಲದಲ್ಲಿ ವಕೀಲರಾಗಿದ್ದವರು, ಕಾನ್ಸಾಸ್ 1979ರಲ್ಲಿ ಅವರ ಸನದು ಕಿತ್ತುಕೊಂಡಿತು. ಅವರ ಮಕ್ಕಳಲ್ಲೂ ಹಲವರು ವಕೀಲರು. ಸುಪ್ರೀಂ ಕೋರ್ಟಿನಲ್ಲಿ ಪಂಗಡದ ಪರ ವಾದಿಸಿದ್ದು ಮಗಳೇ. ಇಂಥವರ ಎದುರಿಗೆ ಅವಸರದಲ್ಲಿ ಹೊಲಿದ ಕಾನೂನು ತರುವುದೆಂದರೆ ತೆರಿಗೆದಾರರ ದುಡ್ಡನ್ನು ಅವರ ಜೇಬಿಗೆ ಹಾಕಿದಂತೆ.

ನೀವು ಕೇಳಿದ ಬೇರೆ ಜಾಗಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅಲ್ಲಿ ಗೊಂದಲ ಕಡಿಮೆ. ಸೇನಾ ನೆಲೆಯ ಒಳಗೆ ಸರ್ಕಾರದ ಕೈ ಮೇಲು. ಮಕ್ಕಳ ವೈದ್ಯರೆಂದು ಮನೆಮಾತಾಗಿದ್ದ ಬೆಂಜಮಿನ್ ಸ್ಪಾಕ್ 1972ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು, ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ನೆಲೆಯೊಳಗೆ ಪ್ರಚಾರ ಮಾಡಲು ಹೋಗಿ ತಡೆಯಲ್ಪಟ್ಟರು. ಜನ ಓಡಾಡುವ ರಸ್ತೆಗಳೇ ಅಲ್ಲಿದ್ದವು. ಆದರೂ ನೆಲೆಯ ರಸ್ತೆ ಊರಿನ ರಸ್ತೆಯಲ್ಲ, ಅದು ಇರುವುದು ಸೈನಿಕರ ತರಬೇತಿಗೆ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ಸೇನಾ ನೆಲೆಯ (2021ರವರೆಗೆ ವಾಯುನೆಲೆ ಎನ್ನುತ್ತಿದ್ದರು) ಗೇಟಿನ ಹೊರಗೆ ಪ್ರತಿಭಟನೆಗೆಂದೇ ಬಿಟ್ಟ ಜಾಗವೊಂದಿದೆ. ಅಲ್ಲಿಗೆ ಬರಕೂಡದೆಂದು ನೆಲೆಯ ಅಧಿಕಾರಿಯಿಂದ ಆದೇಶ ಪಡೆದವನು ಮತ್ತೆ ಬಂದದ್ದು ಅಪರಾಧವಾಗಬಲ್ಲದು, ಏಕೆಂದರೆ ಸಾರ್ವಜನಿಕ ಹೆದ್ದಾರಿ ಹಾದುಹೋದರೂ ಆ ನೆಲ ಸೇನೆಯದೇ ಎಂದು 2014ರ ತೀರ್ಪು ಹೇಳುತ್ತದೆ. ವಾಕ್ ಸ್ವಾತಂತ್ರ್ಯದ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ.

ಭರ್ತಿ ಕಚೇರಿಯ ಮುಂದಿನ ಕಾಲುದಾರಿ ಮಾತ್ರ ಬೇರೆ ಯಾವುದೇ ಕಾಲುದಾರಿಯ ಹಾಗೆ. ಬಾಗಿಲು ಕಟ್ಟುವಂತಿಲ್ಲ, ಒಳಗೆ ನುಗ್ಗುವಂತಿಲ್ಲ, ಅದಕ್ಕೆ ಹಳೆಯ ಕಾನೂನುಗಳೇ ಸಾಕು. ಇಲ್ಲಿಗೆ ಅಂತ್ಯಕ್ರಿಯೆಯ ವಾದ ತಂದು ಹೊಂದಿಸಿದರೆ ಹೊಂದುವುದಿಲ್ಲ. ಭರ್ತಿ ಕಚೇರಿಯ ಅಧಿಕಾರಿ ದುಃಖದಲ್ಲಿಲ್ಲ, ಅವರ ಕೆಲಸವೇ ಜನರನ್ನು ಒಪ್ಪಿಸುವುದು, ಹೊರಗಿನವರೂ ಅದೇ ಜನರನ್ನು ಒಪ್ಪಿಸಲು ನೋಡುತ್ತಿದ್ದಾರೆ. ಮನೆಯ ವಿಷಯ ಹಾಗಲ್ಲ. ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್ ಪಟ್ಟಣ ಒಂದೇ ಮನೆಯನ್ನು ಗುರಿಮಾಡಿ ಅದರ ಮುಂದೆ ನಿಲ್ಲುವುದನ್ನು ನಿಷೇಧಿಸಿದ್ದನ್ನು 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಸೈನಿಕ ಕುಟುಂಬದ ಮನೆಗೂ ಆ ರಕ್ಷಣೆ ಸಿಗುತ್ತದೆ, ಆದರೆ ಮಸೂದೆ ಎಲ್ಲರ ಮನೆಗೂ ಎಂದು ಬರೆಯಬೇಕು.

ವಿಷಯ ನೋಡದ ಕಾನೂನು ಎಂದ ಕೂಡಲೇ ಅದು ಸಾಚಾ ಎಂದೂ ತಿಳಿಯಬೇಡಿ. ವಿಯೆಟ್ನಾಂ ಯುದ್ಧದ ವಿರುದ್ಧ ಯುವಕರು ಸೇನಾ ಕರೆಯ ನೋಂದಣಿ ಕಾರ್ಡುಗಳನ್ನು ಸುಡುತ್ತಿದ್ದಾಗ, 1965ರಲ್ಲಿ ಸಂಸತ್ತು ಕಾರ್ಡನ್ನು ಬೇಕೆಂದೇ ನಾಶ ಮಾಡುವುದು ಅಪರಾಧ ಎಂದು ತಿದ್ದುಪಡಿ ತಂದಿತು. ಕಾರ್ಡು ಕಳೆಯದಂತೆ ಜೋಪಾನವಾಗಿಟ್ಟುಕೊಳ್ಳಬೇಕೆಂಬ ನಿಯಮ ಮೊದಲೇ ಇತ್ತು. ಹೊಸದರಲ್ಲಿ ಯುದ್ಧದ ಹೆಸರಿಲ್ಲ, ಪ್ರತಿಭಟನೆಯ ಹೆಸರಿಲ್ಲ, ಅಕ್ಷರದಲ್ಲಿ ಎಲ್ಲವೂ ಸಮ. ಬಾಸ್ಟನ್ನಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾರ್ಡು ಸುಟ್ಟ ಯುವಕನ ಶಿಕ್ಷೆಯನ್ನು 1968ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸದನದಲ್ಲಿ ಏನು ಭಾಷಣವಾಯಿತು ಎಂದು ನೋಡುವುದು ನಮ್ಮ ಕೆಲಸವಲ್ಲ ಎಂದಿತು. ನನಗೆ ಆ ತೀರ್ಪು ಅಂದಿಗೂ ಇಂದಿಗೂ ಒಪ್ಪಿಗೆಯಿಲ್ಲ. ಆದ್ದರಿಂದಲೇ ಯಾವ ಮಸೂದೆ ಬಂದರೂ ಅದರ ಜೊತೆಗೆ ಸದನದ ಚರ್ಚೆಯನ್ನೂ ಓದುತ್ತೇನೆ. ಕೋರ್ಟ್ ಓದದಿದ್ದರೂ ನಾಗರಿಕರು ಓದಬಹುದಲ್ಲ.

ಮತ್ತೆ ಆ ತಂದೆಯ ವಿಷಯಕ್ಕೆ ಬರುತ್ತೇನೆ. ಕಾನೂನು ಕೊಡಲಾಗದ್ದನ್ನು ಕೆಲವು ಮೋಟಾರ್ ಸೈಕಲ್ ಸವಾರರು ಕೊಟ್ಟರು. 2005ರಲ್ಲಿ ಹುಟ್ಟಿದ ಪೇಟ್ರಿಯಟ್ ಗಾರ್ಡ್ ರೈಡರ್ಸ್ ಎಂಬ ಗುಂಪು ಕುಟುಂಬ ಕರೆದರೆ ಬರುತ್ತದೆ. ವೆಸ್ಟ್‌ಬರೋದವರಿಗೂ ಬಂಧುಗಳಿಗೂ ನಡುವೆ ದೊಡ್ಡ ದೊಡ್ಡ ಬಾವುಟ ಹಿಡಿದು ಸಾಲಾಗಿ ನಿಲ್ಲುತ್ತದೆ, ಫಲಕ ಕಾಣಿಸದಂತೆ. ಕೂಗು ಜೋರಾದರೆ ಎಂಜಿನ್ ಚಾಲೂ ಮಾಡುತ್ತದೆ, ಮಾತು ಕೇಳಿಸದಂತೆ. ಫಲಕ ಹಿಡಿದವರನ್ನು ಮುಟ್ಟುವುದಿಲ್ಲ, ಅವರೊಡನೆ ಮಾತಿಗೂ ಇಳಿಯುವುದಿಲ್ಲ.

ಇಲ್ಲೊಂದು ತಮಾಷೆಯಿದೆ. ಕೇಂದ್ರದ ಕಾನೂನಿನಲ್ಲಿ ಪ್ರತಿಭಟನೆಯ ವ್ಯಾಖ್ಯಾನ ತೆಗೆದು ಓದಿದರೆ ಅಲ್ಲಿ ಫಲಕ, ಬ್ಯಾನರ್ ಜೊತೆಗೆ ಬಾವುಟ ಹಿಡಿಯುವುದೂ ಸೇರಿದೆ. ಗದ್ದಲದ ನಿಷೇಧ ಎಂಜಿನ್ನಿನ ಸದ್ದಿಗೂ ತಗಲುವಂಥದ್ದೇ. ಈ ಸವಾರರು ಗೆರೆಯೊಳಗೆ ಬಾವುಟ ಹಿಡಿಯಲು ದಾರಿ ಮಾಡಿಕೊಡುವುದು ಒಂದು ಸಣ್ಣ ಉಪವಾಕ್ಯ: ಆ ಪ್ರದರ್ಶನ ಅಂತ್ಯಕ್ರಿಯೆಯದೇ ಭಾಗವಾಗಿದ್ದರೆ ಅದು ಪ್ರತಿಭಟನೆಯಲ್ಲ. ಅಂತ್ಯಕ್ರಿಯೆಯ ಭಾಗ ಯಾವುದು ಎಂದು ಹೇಳಬೇಕಾದವರು ಯಾರು? ಕುಟುಂಬವೇ? ಹಾಗಾದರೆ ಯಾರ ಬಾವುಟ ಒಳಗೆ, ಯಾರದ್ದು ಹೊರಗೆ ಎಂಬ ಆಯ್ಕೆಯನ್ನು ಕಾನೂನು ಖಾಸಗಿ ವ್ಯಕ್ತಿಯ ಕೈಗೆ ಕೊಟ್ಟಂತಾಯಿತು. ಮುಂದೆ ನಿಮ್ಮ ಕೈಗೆ ಇಂಥ ಮಸೂದೆ ಸಿಕ್ಕರೆ ಅಡಿ, ಗಂಟೆಗಳನ್ನು ಆಮೇಲೆ ನೋಡಿ, ಮೊದಲು ವ್ಯಾಖ್ಯಾನದ ಪುಟ ತೆರೆದು ಈ ಸಾಲನ್ನು ಹುಡುಕಿ. ಎದುರಾಳಿ ವಕೀಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.